ಅದನ್ನೇ ವರ್ಡ್‌ನಲ್ಲಿ ಕೊಟ್ಟುಬಿಡಿ

“ಮೇಡಂ, ತುಂಬ ಚೆನ್ನಾಗಿ ಬಂದಿದೆ. ಅದನ್ನೇ ವರ್ಡ್‌ನಲ್ಲಿ ಕೊಟ್ಟುಬಿಡಿ, ಮುಂದಿನ ಸಲ ಸಣ್ಣಪುಟ್ಟದ್ದು ನಾವೇ ತಿದ್ಕೋತೀವಿ.”

ಡಿಟಿಪಿ ಕೆಲಸದವರಿಗೆ ಈ ಮಾತು ಹೊಸದಲ್ಲ. ಪ್ರೂಫ್ ಮುಗಿದು, ಪಿಡಿಎಫ್ ಕಳಿಸಿ, ಗೂಗಲ್ ಪೇಯಲ್ಲಿ ದುಡ್ಡೂ ಬಂದ ಮೇಲೆ ಬರುವ ಫೋನಿದು. ಕೇಳುವವರಿಗೆ ಅದು ‘ಸೇವ್ ಆ್ಯಸ್’ ಒತ್ತುವಷ್ಟೇ ಕೆಲಸ. ನಮ್ಮ ಕಸುಬಿನವರಲ್ಲಿ ಬಹಳ ಜನ ‘ಆಗಲ್ಲ ಸಾರ್’ ಎಂದು ಫೋನಿಡುತ್ತಾರೆ. ಇನ್ನು ಕೆಲವರು ಆ ಪಿಡಿಎಫನ್ನು ಯಾವುದೋ ಕನ್ವರ್ಟರಿಗೆ ತುರುಕಿ, ಬಂದದ್ದನ್ನು ಹಾಗೇ ಕಳಿಸಿ ಕೈತೊಳೆದುಕೊಳ್ಳುತ್ತಾರೆ. ನನ್ನ ಕೇಳಿದರೆ ಗಿರಾಕಿಯ ಬೇಡಿಕೆ ನ್ಯಾಯವಾದದ್ದೇ. ಅದನ್ನು ಕೇಳುವ ಹೊತ್ತು ಮಾತ್ರ ತಪ್ಪು. ಎಲ್ಲ ಮುಗಿದ ಮೇಲಲ್ಲ, ಕೆಲಸ ಕೊಡುವ ದಿನವೇ ಕೇಳಬೇಕು.

ನಾನಿರುವುದು ಜೆ.ಪಿ. ನಗರ ಆರನೇ ಫೇಸಿನಲ್ಲಿ. ಮನೆಯ ಮುಂದಿನ ರೂಮೇ ನನ್ನ ಆಫೀಸು. ಮದುವೆಗೆ ಮುಂಚೆ ಚಾಮರಾಜಪೇಟೆಯ ಒಂದು ಡಿಟಿಪಿ ಅಂಗಡಿಯಲ್ಲಿದ್ದೆ. ಟೈಪಿಂಗ್ ಸೀನಿಯರ್ ಪಾಸಾಗಿದ್ದೇ ನನಗಿದ್ದ ಅರ್ಹತೆ. ಪೇಜ್‌ಮೇಕರ್ ಕಲಿತದ್ದು ಅಲ್ಲೇ. ಈಗ ನನ್ನ ಗಿರಾಕಿಗಳೆಲ್ಲ ಸುತ್ತಮುತ್ತಲವರು: ಸಾರಕ್ಕಿ ಕಡೆಯ ಒಂದು ಪತ್ತಿನ ಸಹಕಾರ ಸಂಘ, ಪುಟ್ಟೇನಹಳ್ಳಿಯ ಭರತನಾಟ್ಯ ಶಾಲೆ, ಎರಡು ದರ್ಶಿನಿಗಳು, ಒಂದು ದೇವಸ್ಥಾನ, ಎರಡನೇ ಫೇಸಿನ ರಂಗಶಂಕರದಲ್ಲಿ ನಾಟಕ ಆಡುವಾಗ ಕೈಪತ್ರ ಮಾಡಿಸುವ ಒಂದೆರಡು ತಂಡ. ಇನ್ನು ಆತ್ಮಕತೆ ಬರೆಯುವ ನಿವೃತ್ತರಿದ್ದಾರೆ. ಜೆ.ಪಿ. ನಗರದಲ್ಲಿ ಅವರಿಗೇನೂ ಕಡಿಮೆಯಿಲ್ಲ.

ದೇವಸ್ಥಾನದ ಸೇವಾಪಟ್ಟಿಯ ವಿಷಯ ತೆಗೆದುಕೊಳ್ಳಿ. ಒಂದೇ ಹಾಳೆ, ಎರಡು ಕಾಲಂ. ಕುಂಕುಮಾರ್ಚನೆ, ಪಂಚಾಮೃತ ಅಭಿಷೇಕ, ವಾಹನ ಪೂಜೆ, ತುಪ್ಪದ ದೀಪ; ಎದುರಿಗೆ ರೂಪಾಯಿ. ಸುತ್ತ ಬಳ್ಳಿಯ ಬಾರ್ಡರ್, ಮೇಲೆ ಗೋಪುರದ ಚಿತ್ರ. ಕೋರೆಲ್‌ಡ್ರಾದಲ್ಲಿ ಮಾಡಿ, ಲ್ಯಾಮಿನೇಟ್ ಮಾಡಿಸಿ ಕೊಟ್ಟದ್ದು. ಮುಂದಿನ ವರ್ಷ ಮ್ಯಾನೇಜರ್ ಭಟ್ಟರು ಬಂದರು. “ತುಪ್ಪದ ರೇಟು ಏರಿತಮ್ಮಾ. ಒಂದೇ ಒಂದು ಸಾಲು ಬದಲಾಯಿಸೋದಕ್ಕೂ ನಿಮ್ಮ ಮನೆ ಮೆಟ್ಟಿಲು ಹತ್ತಬೇಕಾ? ನಮ್ಮ ಕೌಂಟರಿನ ಹುಡುಗನಿಗೆ ವರ್ಡ್ ಬರತ್ತೆ.” ಭಟ್ಟರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ವರ್ಷಕ್ಕೊಮ್ಮೆ ಬದಲಾಗುವ ಕಾಗದವನ್ನು ಬದಲಾಯಿಸಲಾಗದ ಹಾಗೆ ಮಾಡಿಡುವುದು ನಮ್ಮ ಕಸುಬಿನ ಹಳೇ ಚಾಳಿ.

ಅಷ್ಟು ಸುಲಭದ ಬೇಡಿಕೆ ಕನ್ನಡದಲ್ಲಿ ಯಾಕಿಷ್ಟು ಕಷ್ಟವಾಗಿದೆ ಎಂದು ತಿಳಿಯಬೇಕಾದರೆ ಫೈಲಿನ ಒಳಗೆ ಏನಿದೆ ಎಂದು ನೋಡಬೇಕು.

ಪ್ರೆಸ್ಸಿಗೆ ಹೋಗುವ ಕೋರೆಲ್ ಫೈಲನ್ನು ನಾವು ‘ಕರ್ವ್ಸ್’ ಮಾಡಿ ಕಳಿಸುತ್ತೇವೆ. ಪ್ರೆಸ್ಸಿನವರ ಕಂಪ್ಯೂಟರಿನಲ್ಲಿ ನಮ್ಮ ಫಾಂಟ್ ಇಲ್ಲದಿದ್ದರೆ ಅಕ್ಷರ ಕೆಡುತ್ತದೆ, ಅದಕ್ಕೆ. ಕಂಟ್ರೋಲ್ ಮತ್ತು ಕ್ಯೂ ಒತ್ತಿದರೆ ಮುಗಿಯಿತು: ಆ ಕ್ಷಣದಿಂದ ‘ತುಪ್ಪದ ದೀಪ’ ಎಂಬುದು ಅಕ್ಷರವಲ್ಲ, ತುಪ್ಪದ ದೀಪ ಎಂದು ಕಾಣುವ ಗೆರೆಗಳ ಗುಂಪು. ಅದರಲ್ಲಿ ಒಂದು ಅಕ್ಷರ ಅಳಿಸಿ ಇನ್ನೊಂದು ಹಾಕುವುದೆಂದರೆ ಚಿತ್ರ ತಿದ್ದಿದ ಹಾಗೆಯೇ. ಕರ್ವ್ಸ್ ಮಾಡುವ ಮುಂಚಿನ ಫೈಲನ್ನು ಬೇರೆಯಾಗಿ ಇಟ್ಟುಕೊಳ್ಳದ ಅಂಗಡಿಯಲ್ಲಿ ಮರುಟೈಪಿಂಗ್ ಬಿಟ್ಟರೆ ಬೇರೆ ದಾರಿಯಿಲ್ಲ.

ಪಿಡಿಎಫ್ ಇದಕ್ಕಿಂತ ಒಂದು ಮೆಟ್ಟಿಲು ಮೇಲು, ಅಷ್ಟೆ. ಅಡೋಬಿ ಸಂಸ್ಥೆ 1993ರಲ್ಲಿ ಅದನ್ನು ತಂದದ್ದೇ ಯಾವ ಯಂತ್ರದಲ್ಲಿ ತೆರೆದರೂ ಪುಟ ಒಂದೇ ಥರ ಕಾಣಲಿ ಎಂದು. ಹಾಗಾಗಿ ಅದು ನೆನಪಿಟ್ಟುಕೊಳ್ಳುವುದು ಕಾಗದದ ಮೇಲೆ ಯಾವ ಆಕಾರ ಯಾವ ಜಾಗದಲ್ಲಿ ಕೂರಬೇಕು ಎಂಬುದನ್ನು. ಇದು ಪ್ಯಾರಾ, ಇದು ತಲೆಬರಹ, ಇದು ತಖ್ತೆಯ ಮೂರನೇ ಕಾಲಂ ಎಂಬುದೆಲ್ಲ ಸಾಮಾನ್ಯವಾಗಿ ಅದಕ್ಕೆ ಗೊತ್ತಿರುವುದಿಲ್ಲ. 2013ರ ವರ್ಡ್‌ನಿಂದ ಈಚೆಗೆ ಪಿಡಿಎಫನ್ನು ನೇರವಾಗಿ ವರ್ಡ್‌ನಲ್ಲೇ ತೆರೆಯಬಹುದು, ನಿಜ. ತೆರೆದಾಗ ಅದು ಕಣ್ಣಂದಾಜಿನಲ್ಲಿ ಪುಟವನ್ನು ಮತ್ತೆ ಕಟ್ಟುತ್ತದೆ: ಸಾಲುಸಾಲಿಗೂ ಎಂಟರ್, ಅಲ್ಲೊಂದು ಇಲ್ಲೊಂದು ಟೆಕ್ಸ್ಟ್ ಬಾಕ್ಸ್, ತಖ್ತೆಯ ಬದಲು ಟ್ಯಾಬು. ಒಂದು ಪದ ಸೇರಿಸಿದರೆ ಇಡೀ ಪುಟ ಕದಲುತ್ತದೆ. ಹುಯ್ದು ಬೇಯಿಸಿದ ದೋಸೆಯನ್ನು ಮತ್ತೆ ಹಿಟ್ಟು ಮಾಡಿಕೊಡಿ ಎಂದಂತೆ ಅದು. ಇಂಗ್ಲಿಷಿನಲ್ಲಾದರೂ ಹೇಗೋ ಸಾಗುತ್ತದೆ. ಕನ್ನಡದಲ್ಲಿ ಅಕ್ಷರವೇ ಕೈಕೊಡುತ್ತದೆ.

ಯಾಕೆಂದರೆ ನಾವು ಮೂವತ್ತು ವರ್ಷ ಕಂಪ್ಯೂಟರಿನಲ್ಲಿ ಟೈಪಿಸಿದ ಕನ್ನಡದಲ್ಲಿ ಬಹುಪಾಲು ಕಂಪ್ಯೂಟರಿನ ಲೆಕ್ಕಕ್ಕೆ ಕನ್ನಡವೇ ಅಲ್ಲ. ಪೇಜ್‌ಮೇಕರ್ ಬಂದದ್ದು 1985ರಲ್ಲಿ, ಆಲ್ಡಸ್ ಕಂಪನಿಯಿಂದ. ಅದು ಕಂಡಿದ್ದು ಇಂಗ್ಲಿಷಿನಂಥ ಲಿಪಿಗಳನ್ನು. ಅದರಲ್ಲಿ ಕನ್ನಡ ಮೂಡಿಸಲು ನಮ್ಮವರು ಹೂಡಿದ ಉಪಾಯ ಚುರುಕಿನದು: ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟ್ ಮಾಡುವುದು. ಕಂಪ್ಯೂಟರ್ ಇಂಗ್ಲಿಷ್ ಎಂದೇ ತಿಳಿದಿರುತ್ತದೆ, ಕಣ್ಣಿಗೆ ಮಾತ್ರ ಕನ್ನಡ. ಬೆಂಗಳೂರಿನ ಸೊನಾಟಾದ ಪ್ರಕಾಶಕ್, ಇಲ್ಲಿಯದೇ ಸೈಬರ್‌ಸ್ಕೇಪ್‌ನ ಆಕೃತಿ, ಪುಣೆಯ ಮಾಡ್ಯುಲರ್ ಕಂಪನಿಯ ಶ್ರೀಲಿಪಿ, 1998ರಲ್ಲಿ ಶೇಷಾದ್ರಿವಾಸು ಹಂಚಲು ಶುರುಮಾಡಿದ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕಾಗಿ ಮಾಡಿದ ನುಡಿ, ಎಲ್ಲವೂ ನಡೆದದ್ದು ಈ ದಾರಿಯಲ್ಲೇ. ಯಾರನ್ನೂ ಆಡಿಕೊಳ್ಳಲು ಇದನ್ನು ಹೇಳುತ್ತಿಲ್ಲ. ಆವತ್ತು ಬೇರೆ ದಾರಿಯೇ ಇರಲಿಲ್ಲ. ಇವರೆಲ್ಲ ಇಲ್ಲದಿದ್ದರೆ ನನ್ನಂಥವಳಿಗೆ ಕೆಲಸವೂ ಇರುತ್ತಿರಲಿಲ್ಲ. ಕೀಲಿಮಣೆಯನ್ನು ಒಂದು ಹದಕ್ಕೆ ತಂದ ಕಿನ್ನಿಕಂಬಳ ಪದ್ಮನಾಭ ರಾಯರಿಗೆ, ಅಂದರೆ ಕೆ.ಪಿ. ರಾವ್ ಅವರಿಗೆ, ಕನ್ನಡ ಟೈಪ್ ಮಾಡುವ ಪ್ರತಿಯೊಂದು ಕೈಯೂ ಋಣಿ.

ನುಡಿಯಲ್ಲಿ ‘ಕನ್ನಡ’ ಎಂದು ಟೈಪಿಸಿ, ಫಾಂಟ್ ತೆಗೆದು ನೋಡಿ. ಕಾಣುವುದು ಇಷ್ಟು: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಬ್ರಿಟಿಷರ ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್ನರ ಜೋಡಿ ಎಸ್, ಚಿಕ್ಕ ಕ್ಯೂ, ಇನ್ನೊಮ್ಮೆ ಅದೇ ಎ. ಒಟ್ಟು 7 ಗುರುತು. ಆ ಓರೆಗೆರೆಯ ಎ ನಮ್ಮ ತಲೆಕಟ್ಟು. ಜರ್ಮನ್ ಎಸ್ ‘ನ’ದ ಒತ್ತು. ಇನ್ನೂ ಒಂದು ತಮಾಷೆ ಎಂದರೆ, ನುಡಿಯ ಫೈಲಿನಲ್ಲಿ ‘ಮ’ ಎಂಬ ಅಕ್ಷರವೇ ಇಲ್ಲ. ‘ವ’ಕ್ಕೆ ಕೊಂಬು ಕೊಟ್ಟರೆ ಅದೇ ‘ಮ’. ಕಣ್ಣಿಗೆ ಅದು ಹಾಗೇ ಕಾಣುತ್ತದಲ್ಲ, ಸಾಕು ಎಂಬ ಲೆಕ್ಕ. ನುಡಿ ಮತ್ತು ಬರಹದ ನಡುವೆ ಈ ಜೋಡಣೆ ಹೆಚ್ಚುಕಡಿಮೆ ಒಂದೇ. ಶ್ರೀಲಿಪಿಯದು ಬೇರೆ, ಆಕೃತಿಯದು ಇನ್ನೂ ಬೇರೆ. ಒಂದರ ಫೈಲನ್ನು ಇನ್ನೊಂದರ ಫಾಂಟಿನಲ್ಲಿ ತೆರೆದರೆ ಕಾಣುವುದು ಯಾವ ಭಾಷೆಯೂ ಅಲ್ಲ.

ಯೂನಿಕೋಡ್ ಮಾಡಿದ್ದು ಬೇರೆ ಥರ. ಲೋಕದ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಒಂದೊಂದು ಸ್ವಂತ ಸಂಖ್ಯೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೂ ಜಾಗ ಸಿಕ್ಕಿತು. ಅದರಲ್ಲಿ ‘ಕನ್ನಡ’ ಎಂಬುದು 5 ಸಂಖ್ಯೆ: ಕ, ನ, ವಿರಾಮ, ನ, ಡ. ಒತ್ತನ್ನು ಕೆಳಗೆ ಕೂರಿಸುವುದು, ತಲೆಕಟ್ಟು ಎಳೆಯುವುದು ಫಾಂಟಿನ ಕೆಲಸ, ಪಠ್ಯದ್ದಲ್ಲ. ಆದರೆ ಅದು ತೆರೆಯ ಮೇಲೆ ಸರಿಯಾಗಿ ಮೂಡುವುದಕ್ಕೆ ನಾವು 2001ರ ವಿಂಡೋಸ್ ಎಕ್ಸ್‌ಪಿವರೆಗೆ, ಅದರ ಜತೆ ಬಂದ ತುಂಗಾ ಫಾಂಟಿನವರೆಗೆ ಕಾಯಬೇಕಾಯಿತು. ಪೇಜ್‌ಮೇಕರಿನ ಕೊನೆಯ ಆವೃತ್ತಿ 7 ಬಂದದ್ದೂ ಅದೇ 2001ರಲ್ಲಿ, ಯೂನಿಕೋಡ್ ಇಲ್ಲದೆ. ಅದರ ಜಾಗಕ್ಕೆ ಬಂದ ಇನ್‌ಡಿಸೈನಿನಲ್ಲಿ ಕನ್ನಡ ಯೂನಿಕೋಡ್ ಅಧಿಕೃತವಾಗಿ ಸರಿಯಾಗಿ ಕೂತದ್ದು 2012ರ ಸಿಎಸ್6ರಲ್ಲಿ. ಆ ಹನ್ನೊಂದು ವರ್ಷದ ಸಂದಿನಲ್ಲಿ ಆಫೀಸಿನ ಕನ್ನಡ ಒಂದು ಕಡೆ, ಅಚ್ಚಿನ ಕನ್ನಡ ಇನ್ನೊಂದು ಕಡೆ ಹೋದವು. ಆಮೇಲೂ ಅಚ್ಚಿನವರು ಬೇಗ ಬರಲಿಲ್ಲ. ಮದುವೆ ಪತ್ರಿಕೆಗೆ, ಪುಸ್ತಕದ ಹೆಸರಿಗೆ ಬೇಕಾಗುವ ಬಗೆಬಗೆಯ ಅಕ್ಷರ ಶ್ರೀಲಿಪಿಯಲ್ಲಿ ರಾಶಿ ರಾಶಿ ಇದ್ದವು, ಯೂನಿಕೋಡಿನಲ್ಲಿ ಬೆರಳೆಣಿಕೆ. ಈಗ ಆ ಕೊರಗು ಅಷ್ಟಿಲ್ಲ. ನೋಟೊ, ಬಾಲೂ ತಮ್ಮ, ತಿರೊ ಕನ್ನಡ, ಅನೇಕ್ ಎಲ್ಲ ಉಚಿತವಾಗಿ ಸಿಗುತ್ತವೆ, ಅಂದವಾಗಿಯೂ ಇವೆ.

ಇದರಿಂದ ಇವತ್ತು ಆಗುತ್ತಿರುವ ವಿಚಿತ್ರ ನೋಡಿ. ನಾಟ್ಯಶಾಲೆಯ ಗುರುಗಳು ರಂಗಪ್ರವೇಶದ ವಿವರವನ್ನು ಮೊಬೈಲಿನಲ್ಲಿ ಟೈಪಿಸಿ ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಮೊಬೈಲಿನ ಕನ್ನಡ ಅಪ್ಪಟ ಯೂನಿಕೋಡ್. ಡಿಟಿಪಿಯವರು ಅದನ್ನು ಪರಿವರ್ತಕಕ್ಕೆ ಹಾಕಿ ನುಡಿಗೆ ಇಳಿಸುತ್ತಾರೆ, ಪೇಜ್‌ಮೇಕರಿಗೆ ತುಂಬುತ್ತಾರೆ, ಪಿಡಿಎಫ್ ಮಾಡುತ್ತಾರೆ. ಆ ಪಿಡಿಎಫಿನಿಂದ ಒಂದು ಸಾಲನ್ನು ಕಾಪಿ ಮಾಡಿ ಫೇಸ್‌ಬುಕ್ಕಿಗೆ ಹಾಕಲು ಹೋದರೆ ಬರುವುದು ಪಿ, ಎ, ಪೌಂಡು! ಗುರುಗಳು ಕೊಟ್ಟಾಗ ಚೆನ್ನಾಗಿದ್ದ ಕನ್ನಡ, ದುಡ್ಡು ಕೊಟ್ಟು ವಾಪಸ್ ಪಡೆಯುವಾಗ ಕೆಟ್ಟಿರುತ್ತದೆ. ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಗಳೂ ಇಂಥ ಫೈಲಿನ ಮುಂದೆ ಸೋಲುತ್ತವೆ. ಅವಕ್ಕೆ ಕಾಣುವುದೂ ಅದೇ ಪೌಂಡು. ಗೂಗಲ್‌ಗೂ ಅಷ್ಟೆ, ಹಾಗಾಗಿ ಅಂಥ ಫೈಲಿನಲ್ಲಿರುವ ವಿಷಯ ಹುಡುಕಿದರೂ ಸಿಗುವುದಿಲ್ಲ.

ಹಾಗಾದರೆ ನುಡಿಯ ಹಳೇ ಫೈಲುಗಳನ್ನು ಯೂನಿಕೋಡಿಗೆ ಏರಿಸಬಹುದಲ್ಲ? ಏರಿಸಬಹುದು. ಅರವಿಂದ ವಿ.ಕೆ. ಅವರಂಥವರು ಬರೆದು ಉಚಿತವಾಗಿ ಬಿಟ್ಟ ಪರಿವರ್ತಕಗಳಿವೆ. ಬಹುಪಾಲು ಸರಿಯಾಗಿಯೇ ಕೆಲಸ ಮಾಡುತ್ತವೆ. ಆದರೆ ಪ್ರೂಫ್ ನೋಡದೆ ನಂಬುವ ಹಾಗಿಲ್ಲ. ‘ಧರ್ಮ’ ಎಂಬ ಪದದ ಅರ್ಕಾವತ್ತು ನುಡಿಯಲ್ಲಿ ‘ಮ’ ಆದ ಮೇಲೆ, ಕೊನೆಯಲ್ಲಿ ಕೂತಿರುತ್ತದೆ. ಯೂನಿಕೋಡಿನಲ್ಲಿ ‘ರ’ ಮೊದಲು ಬರಬೇಕು, ‘ಮ’ ಆಮೇಲೆ. ಪರಿವರ್ತಕ ಅದನ್ನು ಹಿಂದಕ್ಕೆ ಒಯ್ದು ಕೂರಿಸಬೇಕು. ನಡುವೆ ಒಂದು ಸ್ಪೇಸ್ ಬಂದಿದ್ದರೆ, ಟೈಪಿಸಿದವರು ಅವಸರದಲ್ಲಿ ಅರ್ಕಾವತ್ತನ್ನು ದೀರ್ಘದ ಆಚೆ ಹಾಕಿದ್ದರೆ, ಅಲ್ಲಿ ಎಡವುತ್ತದೆ. ಇದಕ್ಕಿಂತ ದೊಡ್ಡ ಕಾಟ ನಡುವೆ ಬರುವ ಇಂಗ್ಲಿಷಿನದು. ಸಹಕಾರ ಸಂಘದ ವಾರ್ಷಿಕ ವರದಿಯಲ್ಲಿ ಬ್ಯಾಂಕಿನ ‘ಎಫ್‌ಡಿ’ಯನ್ನು ಇಂಗ್ಲಿಷಿನಲ್ಲೇ ಬರೆದಿರುತ್ತಾರೆ. ನುಡಿಯ ಲೆಕ್ಕದಲ್ಲಿ ಎಫ್ ಎಂದರೆ ಈ, ಡಿ ಎಂದರೆ ಆ. ಬರೀ ಪಠ್ಯವನ್ನು ಪರಿವರ್ತಕಕ್ಕೆ ಹಾಕಿದರೆ ಸಂಘದ ಲಕ್ಷಾಂತರ ರೂಪಾಯಿಯ ಎಫ್‌ಡಿಗಳೆಲ್ಲ ‘ಈಆ’ ಆಗಿ ಹೊರಬರುತ್ತವೆ. ಕಾರ್ಯದರ್ಶಿಗಳು ಅದನ್ನು ನೋಡಿ ಹೌಹಾರಿದ್ದು ನನಗಿನ್ನೂ ನೆನಪಿದೆ.

ಅದೇ ಸಂಘದ ವರದಿಯನ್ನು ನಾನೀಗ ಹೇಗೆ ಮಾಡುತ್ತೇನೆ ಎಂದು ಹೇಳಿದರೆ ಉಳಿದದ್ದು ಅರ್ಥವಾದೀತು. ಸರ್ವಸದಸ್ಯರ ಸಭೆ ಸೆಪ್ಟೆಂಬರಿನಲ್ಲಿ. ಅದಕ್ಕೆ ಮೊದಲು ಆಡಳಿತ ಮಂಡಳಿಯ ವರದಿ, ಜಮಾ-ಖರ್ಚು, ಲಾಭ-ನಷ್ಟ, ಅಢಾವೆ ಪತ್ರಿಕೆ, ಮುಂದಿನ ಸಾಲಿನ ಅಂದಾಜು ಆಯವ್ಯಯ ಎಲ್ಲ ಸೇರಿದ ಪುಸ್ತಿಕೆ ಸದಸ್ಯರ ಕೈಸೇರಬೇಕು. ಲೆಕ್ಕಪರಿಶೋಧಕರು ಕೊನೆಯ ವಾರದವರೆಗೂ ಅಂಕಿ ಬದಲಾಯಿಸುತ್ತಲೇ ಇರುತ್ತಾರೆ. ಹಿಂದೆಲ್ಲ ಒಂದೊಂದು ಅಂಕಿಗೂ ಸಂಘದ ಹುಡುಗ ಚೀಟಿ ಹಿಡಿದು ಸಾರಕ್ಕಿ ಸಿಗ್ನಲ್ ದಾಟಿ ನಮ್ಮ ಮನೆಗೆ ಬರಬೇಕಿತ್ತು.

ಈಗ ಪುಸ್ತಿಕೆಯನ್ನು ಎರಡು ಭಾಗ ಮಾಡಿದ್ದೇವೆ. ರಕ್ಷಾಪುಟ, ಅಧ್ಯಕ್ಷರ ಫೋಟೊ, ಸಂಸ್ಥಾಪಕರಿಗೆ ನಮನದ ಪುಟ, ಜಾಹೀರಾತುಗಳು ನನ್ನ ಪಾಲು, ಇನ್‌ಡಿಸೈನಿನಲ್ಲಿ. ವರದಿ ಮತ್ತು ತಖ್ತೆಗಳೆಲ್ಲ ವರ್ಡ್‌ನಲ್ಲಿ, ಸಂಘದ ಪಾಲು. ವರ್ಡ್ ಭಾಗವನ್ನು ಕಟ್ಟಿಕೊಟ್ಟವಳು ನಾನೇ. ಇನ್‌ಡಿಸೈನಿನಿಂದ ಕನ್ವರ್ಟ್ ಮಾಡಿದ್ದಲ್ಲ. ಮಾಡಲು ಬರುವುದೂ ಇಲ್ಲ: ಇನ್‌ಡಿಸೈನ್ ವರ್ಡ್ ಫೈಲನ್ನು ಒಳಗೆ ತೆಗೆದುಕೊಳ್ಳುತ್ತದೆ, ಇಡೀ ಪುಟವಿನ್ಯಾಸವನ್ನು ವರ್ಡ್ ಆಗಿ ಹೊರಗೆ ಕೊಡುವುದಿಲ್ಲ. ಹೆಚ್ಚೆಂದರೆ ಒಂದೊಂದು ಲೇಖನದ ಪಠ್ಯವನ್ನು ಆರ್‌ಟಿಎಫ್ ಆಗಿ ಉಗುಳೀತು. ಹಾಗಾಗಿ ಇನ್‌ಡಿಸೈನಿನ ಅಳತೆಗಳನ್ನು ಎದುರಿಗಿಟ್ಟುಕೊಂಡು, ಅಂಚು ಎಷ್ಟು, ಅಕ್ಷರ ಎಷ್ಟು ಪಾಯಿಂಟು, ಸಾಲಿನ ಅಂತರ ಎಷ್ಟು ಎಂದು ನೋಡಿ, ವರ್ಡ್‌ನಲ್ಲಿ ಮೊದಲಿನಿಂದ ಕಟ್ಟಬೇಕು.

ಅದರಲ್ಲಿ ಅರ್ಧ ಕೆಲಸ ‘ಸ್ಟೈಲ್’ಗಳದ್ದು. ಎಲ್ಲರ ವರ್ಡ್‌ನಲ್ಲೂ ಮೇಲ್ಗಡೆ ಸಾಲಾಗಿ ಇರುತ್ತವೆ, ಯಾರೂ ಮುಟ್ಟುವುದಿಲ್ಲ. ತಲೆಬರಹವನ್ನು ದಪ್ಪ ಮಾಡಲು ಆ ಪದಗಳನ್ನು ಹಿಡಿದು ಬೋಲ್ಡ್ ಒತ್ತುವುದು ನಮ್ಮೆಲ್ಲರ ರೂಢಿ. ಬದಲಿಗೆ ‘ವರದಿ ತಲೆಬರಹ’ ಎಂದೇ ಒಂದು ಸ್ಟೈಲ್ ಮಾಡಿಟ್ಟರೆ, ಸಂಘದ ಗುಮಾಸ್ತರು ಅದನ್ನು ಒತ್ತಿದರೆ ಸಾಕು. ಅಕ್ಷರದ ಗಾತ್ರ, ಬಣ್ಣ, ಮೇಲೆ ಕೆಳಗಿನ ಜಾಗ ಎಲ್ಲ ತಾನೇ ಬರುತ್ತದೆ. ಇಲ್ಲಿ ಕನ್ನಡಕ್ಕೆ ಒಂದು ಗುಟ್ಟಿದೆ. ವರ್ಡ್ ಕನ್ನಡವನ್ನು ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ ಎಂಬ ಬೇರೆ ಗುಂಪಿನಲ್ಲಿ ಇಟ್ಟಿದೆ; ಸ್ಟೈಲಿನಲ್ಲಿ ಇಂಗ್ಲಿಷಿಗೊಂದು, ಆ ಗುಂಪಿಗೊಂದು ಫಾಂಟ್ ಇರುತ್ತದೆ. ಎರಡನ್ನೂ ತುಂಬದಿದ್ದರೆ, ಫಾಂಟ್ ಬದಲಾಯಿಸಿದೆ ಆದರೂ ಕನ್ನಡ ಬದಲಾಗಲೇ ಇಲ್ಲ ಎಂಬ ದೂರು ಬರುತ್ತದೆ. ಇನ್ನು ಸಾಲಿನ ಅಂತರ. ಪುಟ ಉಳಿಸಲು ‘ಎಕ್ಸಾಕ್ಟ್ಲಿ’ ಎಂದು ಬಿಗಿಯಾಗಿ ಕೊಟ್ಟರೆ ‘ರಾಷ್ಟ್ರ’ದಂಥ ಪದಗಳಲ್ಲಿ ಕೆಳಗಿನ ಒತ್ತಿನ ಬಾಲ ಕತ್ತರಿಸಿಹೋಗುತ್ತದೆ. ಕನ್ನಡಕ್ಕೆ ಉಸಿರಾಡುವ ಜಾಗ ಬೇಕು. ಇಂಗ್ಲಿಷ್ ಪುಸ್ತಕ ನೋಡಿ ಅಳತೆ ಹಾಕಬಾರದು.

ಫಾಂಟ್ ಆರಿಸುವಾಗ ನಾನು ಅಂದಕ್ಕಿಂತ ಇರುವಿಕೆಗೆ ಬೆಲೆ ಕೊಡುತ್ತೇನೆ. ನಿರ್ಮಲಾ ಯುಐ ವಿಂಡೋಸ್ 8ರಿಂದ ಈಚಿನ ಕಂಪ್ಯೂಟರುಗಳಲ್ಲಿ ಸಿಗುತ್ತದೆ, ನೋಡಲು ಸ್ವಲ್ಪ ಸಪ್ಪೆ. ನೋಟೊ ಸೆರಿಫ್ ಹಾಕಿದರೆ ಪುಸ್ತಕದ ಕಳೆ ಬರುತ್ತದೆ, ಆದರೆ ಗಿರಾಕಿಯ ಕಂಪ್ಯೂಟರಿಗೂ ಅದನ್ನು ಇಳಿಸಿಕೊಡಬೇಕು. ವರ್ಡ್‌ನ ಸೇವ್ ಆಯ್ಕೆಗಳಲ್ಲಿ ಫಾಂಟನ್ನು ಫೈಲಿನೊಳಗೇ ಸೇರಿಸುವ ಅನುಕೂಲವಿದೆ. ಅದು ಆ ಫಾಂಟಿನ ಪರವಾನಗಿ ಒಪ್ಪಿದರೆ ಮಾತ್ರ. ದುಡ್ಡು ಕೊಟ್ಟು ಕೊಂಡ ಫಾಂಟನ್ನು ಪೆನ್‌ಡ್ರೈವಿನಲ್ಲಿ ಗಿರಾಕಿಗೆ ಹಾಕಿಕೊಡುವುದು ನಮ್ಮಲ್ಲಿ ಮಾಮೂಲು. ಅದು ಕಳ್ಳತನವೇ, ಬೇರೆ ಹೆಸರಿಲ್ಲ.

ತಖ್ತೆಗಳನ್ನು ತಖ್ತೆಯಾಗಿಯೇ ಮಾಡಬೇಕು. ಇದು ಹೇಳಬೇಕಾದ ಮಾತೇ ಎನಿಸಬಹುದು. ಆದರೆ ನನ್ನ ಬಳಿ ಬರುವ ಹತ್ತರಲ್ಲಿ ಎಂಟು ವರ್ಡ್ ಫೈಲುಗಳಲ್ಲಿ ಅಂಕಿಗಳನ್ನು ಸ್ಪೇಸ್ ಒತ್ತಿ ಒತ್ತಿ ಬಲಕ್ಕೆ ತಳ್ಳಿರುತ್ತಾರೆ. ಬೇರೆ ಕಂಪ್ಯೂಟರಿನಲ್ಲಿ ತೆರೆದ ಕೂಡಲೇ ಸಾವಿರದ ಸ್ಥಾನದಲ್ಲಿದ್ದದ್ದು ಲಕ್ಷದ ಕೆಳಗೆ ಬಂದು ನಿಂತಿರುತ್ತದೆ. ದರ್ಶಿನಿಯ ಮೆನುವಿನಲ್ಲೂ ಇದೇ ರೋಗ: ಖಾಲಿ ದೋಸೆಯಿಂದ ರೂಪಾಯಿಯವರೆಗೆ ಚುಕ್ಕಿಗಳನ್ನು ಕೈಯಲ್ಲೇ ಒತ್ತಿರುತ್ತಾರೆ. ಬಲಗಡೆಗೊಂದು ಟ್ಯಾಬ್ ಇಟ್ಟು ಅದಕ್ಕೆ ಚುಕ್ಕಿ ಸಾಲು ಕೊಟ್ಟರೆ, ದರ ನಲವತ್ತರಿಂದ ನೂರಕ್ಕೆ ಹೋದರೂ ಚುಕ್ಕಿಗಳು ತಾವೇ ಸರಿಯುತ್ತವೆ.

ಭಟ್ಟರ ಸೇವಾಪಟ್ಟಿಗೆ ಮರಳುತ್ತೇನೆ. ಆ ಬಳ್ಳಿಯ ಬಾರ್ಡರು, ಗೋಪುರ ಎರಡನ್ನೂ ಒಂದೇ ಚಿತ್ರ ಮಾಡಿ ವರ್ಡ್‌ನ ಹೆಡರಿನೊಳಗೆ, ಅಕ್ಷರಗಳ ಹಿಂದೆ ಇಟ್ಟೆ. ಹೆಡರಿನಲ್ಲಿದ್ದದ್ದು ಮಾಮೂಲಿ ಟೈಪಿಸುವಾಗ ಮೌಸಿಗೆ ಸಿಗುವುದಿಲ್ಲ, ಹಾಗಾಗಿ ಗೋಪುರ ಎಲ್ಲೂ ಜರುಗುವುದಿಲ್ಲ. ಅದರ ಮೇಲೆ ಗೆರೆ ಕಾಣದ ಎರಡು ಕಾಲಂನ ಟೇಬಲ್. ಆಮೇಲೆ ರಿವ್ಯೂ ಪಟ್ಟಿಯಲ್ಲಿರುವ ‘ರೆಸ್ಟ್ರಿಕ್ಟ್ ಎಡಿಟಿಂಗ್’ ಎಂಬುದನ್ನು ಬಳಸಿ ರೂಪಾಯಿಯ ಕಾಲಂ ಒಂದನ್ನು ಬಿಟ್ಟು ಉಳಿದದ್ದಕ್ಕೆ ಬೀಗ ಹಾಕಿದೆ. ಪಾಸ್‌ವರ್ಡ್ ಭಟ್ಟರ ಬಳಿಯೇ ಇದೆ, ಅದು ನನ್ನ ಸ್ವತ್ತಲ್ಲ. ಕೊನೆಗೆ ಅದನ್ನು ಮಾಮೂಲಿ ಫೈಲಾಗಿ ಕೊಡದೆ ಟೆಂಪ್ಲೇಟಾಗಿ ಸೇವ್ ಮಾಡಿಕೊಟ್ಟೆ. ಎರಡು ಸಲ ಕ್ಲಿಕ್ ಮಾಡಿದರೆ ಪ್ರತಿ ಸಲವೂ ಹೊಸ ಪ್ರತಿ ತೆರೆಯುತ್ತದೆ, ಮೂಲ ಹಾಗೇ ಉಳಿಯುತ್ತದೆ. ಕೌಂಟರಿನ ಹುಡುಗನಿಗೆ ಕನ್ನಡ ಟೈಪಿಂಗ್ ಬರುತ್ತಿರಲಿಲ್ಲ. 2019ರಿಂದ ಈಚಿನ ವಿಂಡೋಸ್ 10ರಲ್ಲಿ ಇಂಗ್ಲಿಷ್ ಉಚ್ಚಾರಣೆಯಲ್ಲೇ ಕನ್ನಡ ಮೂಡಿಸುವ ಕೀಲಿಮಣೆ ಒಳಗೇ ಇದೆ. ಅದನ್ನು ತೋರಿಸಿಕೊಟ್ಟೆ, ಒಂದು ಮಧ್ಯಾಹ್ನದಲ್ಲಿ ಕಲಿತ. ತುಪ್ಪದ ದರ ಈಗ ಅವರೇ ಏರಿಸಿಕೊಳ್ಳುತ್ತಾರೆ.

“ಹೀಗೆ ಫೈಲು ಕೊಡ್ತಾ ಹೋದ್ರೆ ಗಿರಾಕಿ ಯಾಕ್ರೀ ವಾಪಸ್ ಬರ್ತಾನೆ?” ಎಂದು ನನ್ನ ಹಳೇ ಅಂಗಡಿಯ ಸಹೋದ್ಯೋಗಿಯೊಬ್ಬರು ಬೈಯುತ್ತಾರೆ. ಅವರ ಆತಂಕ ಸುಳ್ಳೇನಲ್ಲ. ಸಣ್ಣ ತಿದ್ದುಪಡಿಗಳಿಂದ ಬರುತ್ತಿದ್ದ ನೂರು, ಇನ್ನೂರು ರೂಪಾಯಿ ನಿಂತುಹೋಗುತ್ತದೆ. ಆದರೆ ಟೆಂಪ್ಲೇಟ್ ಕಟ್ಟುವುದು ಬೇರೆಯೇ ಕೆಲಸ, ಅದಕ್ಕೆ ಬೇರೆಯೇ ಬಿಲ್. ಪುಟದ ಲೆಕ್ಕದಲ್ಲಿ ಅಲ್ಲ, ಹಿಡಿಯುವ ಹೊತ್ತಿನ ಲೆಕ್ಕದಲ್ಲಿ. ಗಿರಾಕಿಯ ಕಂಪ್ಯೂಟರಿನಲ್ಲಿ ಒಮ್ಮೆ, ಯಾವುದಾದರೊಂದು ಮೊಬೈಲಿನಲ್ಲಿ ಒಮ್ಮೆ ತೆರೆದು ನೋಡದೆ ನಾನು ಆ ಬಿಲ್ ಬರೆಯುವುದಿಲ್ಲ. ಮೊದಲೇ ದರ ಹೇಳಿದರೆ ಜನ ಕೊಡುತ್ತಾರೆ. ಎಲ್ಲ ಮುಗಿದ ಮೇಲೆ ಹೇಳಿದರೆ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ.

ಎಲ್ಲವನ್ನೂ ವರ್ಡ್‌ಗೆ ತರಬೇಕೆಂದು ನನ್ನ ಹಟವಿಲ್ಲ. ನಾಲ್ಕು ಬಣ್ಣದ ಆಫ್‌ಸೆಟ್ ಮುದ್ರಣಕ್ಕೆ ಬೇಕಾದ ಬಣ್ಣದ ವಿಂಗಡಣೆ ವರ್ಡ್‌ಗೆ ಗೊತ್ತಿಲ್ಲ, ಅದು ಕೆಲಸ ಮಾಡುವುದು ತೆರೆಯ ಬಣ್ಣದಲ್ಲಿ. ಕಾಗದದ ಅಂಚಿನ ಆಚೆಗೂ ಬಣ್ಣ ಚಾಚಿಸುವ ‘ಬ್ಲೀಡ್’ ಅದರಲ್ಲಿಲ್ಲ. ನಾಟಕದ ಪೋಸ್ಟರು, ಮದುವೆ ಪತ್ರಿಕೆ, ಪುಸ್ತಕದ ರಕ್ಷಾಪುಟ ಕೇಳಿದರೆ ನಾನು ಸಾರಾಸಗಟಾಗಿ ‘ಆಗಲ್ಲ’ ಎನ್ನುತ್ತೇನೆ. ಇನ್ನೂರು ಪುಟದ ಪುಸ್ತಕದ ಒಳಪುಟಗಳನ್ನೂ ವರ್ಡ್‌ನಲ್ಲಿ ಅಚ್ಚಿಗೆ ಕಳಿಸಬಾರದು. ಇನ್‌ಡಿಸೈನ್ ಇಡೀ ಪ್ಯಾರಾವನ್ನು ಒಟ್ಟಾಗಿ ಅಳೆದು ಸಾಲು ಮುರಿಯಬಲ್ಲದು. ವರ್ಡ್ ಒಂದೊಂದೇ ಸಾಲು ನೋಡುತ್ತದೆ, ಪದಗಳ ನಡುವೆ ಹಳ್ಳ ಬೀಳುತ್ತದೆ. ಕನ್ನಡದ ಉದ್ದುದ್ದ ಪದಗಳಲ್ಲಿ ಆ ಹಳ್ಳ ಇನ್ನೂ ಆಳ.

ಆತ್ಮಕತೆ ಬರೆಯುವವರಿಗೆ ನಾನು ಹೇಳುವುದು ತಿರುವುಮುರುವಿನ ಕ್ರಮ. ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರ ಮಗಳು ಅಮೆರಿಕದಲ್ಲಿ ಕೂತು ಅಪ್ಪನ ಪುಸ್ತಕ ತಿದ್ದಬೇಕಿತ್ತು. ಅವರು ಕೇಳಿದ್ದು ಪುಟ ಕಟ್ಟಿದ ಪುಸ್ತಕದ ವರ್ಡ್ ಪ್ರತಿ. ಬೇಡ ಎಂದೆ. ಪುಟ ಕಟ್ಟುವ ಮೊದಲೇ ಇಡೀ ಹಸ್ತಪ್ರತಿಯನ್ನು ಯೂನಿಕೋಡಿನಲ್ಲಿ ಟೈಪಿಸಿ ವರ್ಡ್‌ನಲ್ಲಿ ಕಳಿಸಿದೆ, ‘ಟ್ರ್ಯಾಕ್ ಚೇಂಜಸ್’ ಹಾಕಿ. ಮಗಳು ತಿದ್ದಿದ್ದೆಲ್ಲ ಕೆಂಪಿನಲ್ಲಿ ಕಂಡಿತು, ಅಪ್ಪ ಒಪ್ಪಿದ್ದನ್ನು ಒಪ್ಪಿದರು, ಸೋದರಮಾವನ ಆಸ್ತಿ ಜಗಳದ ಪ್ಯಾರಾವನ್ನು ಮಗಳು ಹೊಡೆದುಹಾಕಿದ್ದನ್ನು ಮಾತ್ರ ಒಪ್ಪಲಿಲ್ಲ. ಎಲ್ಲ ಇತ್ಯರ್ಥವಾದ ಮೇಲೆ ಅದೇ ಫೈಲನ್ನು ಸ್ಟೈಲ್‌ಗಳ ಸಮೇತ ಇನ್‌ಡಿಸೈನಿಗೆ ತೆಗೆದುಕೊಂಡೆ. ಅಚ್ಚಾದ ಪುಸ್ತಕ ಅವರಿಗೆ ಬಂತು, ತಿದ್ದಬಹುದಾದ ಪಠ್ಯವೂ ಅವರ ಬಳಿ ಉಳಿಯಿತು. ಎರಡನೇ ಮುದ್ರಣಕ್ಕೋ ಇ-ಪುಸ್ತಕಕ್ಕೋ ಅದೇ ಸಾಕು.

ಓದುಗರಲ್ಲಿ ಒಂದು ಮಾತು. ಮುಂದಿನ ಸಲ ಡಿಟಿಪಿ ಅಂಗಡಿಗೆ ಹೋದಾಗ ಮುಂಗಡ ಕೊಡುವ ಮೊದಲೇ ಯೂನಿಕೋಡಿನಲ್ಲಿ ಮಾಡುತ್ತೀರಾ ಎಂದು ಕೇಳಿ. ಇದರಲ್ಲಿ ನಾವು ಆಮೇಲೆ ಬದಲಾಯಿಸುವುದು ಇಂತಿಂಥ ಭಾಗ ಎಂದು ತೋರಿಸಿ, ಆ ಭಾಗಕ್ಕೆ ಬೇರೆ ಫೈಲು, ಬೇರೆ ದರ ಮಾತಾಡಿಕೊಳ್ಳಿ. ನಿಮ್ಮ ಸಂಘದಲ್ಲೋ ಮನೆಯ ಕಪಾಟಿನಲ್ಲೋ ಹಳೇ ಸಿಡಿಗಳಿದ್ದರೆ, ಅದರಲ್ಲಿ ಪೇಜ್‌ಮೇಕರಿನ ಫೈಲುಗಳಿದ್ದರೆ, ಮಾಡಿದವರು ಇನ್ನೂ ಅಂಗಡಿ ಮುಚ್ಚಿಲ್ಲದಿದ್ದರೆ, ಯಾವ ತಂತ್ರಾಂಶ, ಯಾವ ಫಾಂಟು ಎಂದು ಇವತ್ತೇ ಕೇಳಿ ಸಿಡಿಯ ಮೇಲೆ ಬರೆದಿಡಿ. ನುಡಿ 01 ಇ ಎಂದೋ ಶ್ರೀ-ಕನ್-0850 ಎಂದೋ ಒಂದು ಹೆಸರು ಗೊತ್ತಿದ್ದರೆ ಯೂನಿಕೋಡಿಗೆ ತರುವುದು ಪರಿವರ್ತಕ ಓಡಿಸಿ ಪ್ರೂಫ್ ನೋಡುವಷ್ಟು ಕೆಲಸ. ಹೆಸರು ಗೊತ್ತಿಲ್ಲದಿದ್ದರೆ ಪುಸ್ತಕವನ್ನು ಎದುರಿಗಿಟ್ಟುಕೊಂಡು ಮತ್ತೆ ಟೈಪಿಸುವುದೇ ಎಷ್ಟೋ ಸಲ ಬೇಗ ಮುಗಿಯುತ್ತದೆ, ಅದಕ್ಕೆ ಪುಟದ ಲೆಕ್ಕದಲ್ಲಿ ದುಡ್ಡು.